ಮನುಷ್ಯರನ್ನು ತಂತಿಯಲ್ಲಿ ಕಳಿಸಲು ಒಪ್ಪದ ಟೀಚರು

ಕಾಫಿ ಬೆಳೆಯುವ ಊರಿಗೆ ಕೆಲಸಕ್ಕೆ ಬಂದು, ಅಷ್ಟು ವರ್ಷ ನಮ್ಮ ನಡುವೆಯೇ ಇದ್ದು, ಒಂದು ದಿನವೂ ಕಾಫಿ ಕುಡಿಯದೆ ಹೋದವರು ಅವರೊಬ್ಬರೇ ಇರಬೇಕು. ಯಾರ ಮನೆಗೆ ಹೋದರೂ "ಟೀ ಇದ್ರೆ ಕೊಡಿ, ಇಲ್ದಿದ್ರೆ ಬಿಸಿನೀರು ಸಾಕು" ಎನ್ನುತ್ತಿದ್ದರು. ಕಳಸದಲ್ಲಿ ಹೀಗೆ ಹೇಳುವುದೆಂದರೆ ದೇವಸ್ಥಾನಕ್ಕೆ ಬಂದು ತೀರ್ಥ ಬೇಡ ಅಂದ ಹಾಗೆ. ನಮ್ಮ ಅತ್ತೆ ಸುಮ್ಮನಿರದೆ ಕೇಳಿಯೇಬಿಟ್ಟಿದ್ದರು.

"ಎಂತ ಟೀಚರಮ್ಮ, ನಮ್ಮ ತೋಟದ ಕಾಫಿಗೆ ಎಂತ ಆಗಿದೆ?"

"ಕಾಫಿಗೆ ಏನೂ ಆಗಿಲ್ಲಮ್ಮ, ನನ್ನ ಹೊಟ್ಟೆಗೆ ಆಗಿದೆ" ಎಂದು ಅವರು ನಕ್ಕರು. ಅತ್ತೆ ನಗಲಿಲ್ಲ. ಅವರು ಹೋದ ಮೇಲೆ, "ಹೊಟ್ಟೆ ಸರಿ ಇಲ್ಲದಿದ್ದರೆ ಕಷಾಯ ಕುಡಿಯಲಿ, ಟೀ ಯಾಕೆ?" ಎಂದು ಗೊಣಗಿದರು. ನಾನು ಮಾತ್ರ ಮಾರನೆಯ ದಿನವೇ ಪೇಟೆಯಿಂದ ಒಂದು ಪೊಟ್ಟಣ ಟೀ ಪುಡಿ ತರಿಸಿ, ಬೇರೆ ಡಬ್ಬಿಯಲ್ಲಿ ಹಾಕಿ, ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಅವರೊಬ್ಬರಿಗಾಗಿ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಹಾಸನದಲ್ಲಿ, ತಮ್ಮನ ಮನೆಯಲ್ಲಿ. ನಮ್ಮೂರ ಹೈಸ್ಕೂಲಿನ ಹೆಡ್ಮಾಸ್ಟರು ಪೇಟೆಯಲ್ಲಿ ನಮ್ಮವರಿಗೆ ಸಿಕ್ಕಿ ಹೇಳಿದರಂತೆ. ಕೇಳಿದ ಕೂಡಲೆ ನನಗೆ ಹೊಳೆದದ್ದು ಒಂದೇ ಮಾತು: ಇದನ್ನು ಮಗಳಿಗೆ ನಾನೇ ಹೇಳಬೇಕಲ್ಲ. ಹೇಳಿದಾಗ ಅವಳ ಮುಖ ಹೇಗಾಗುತ್ತದೆಂದು ನಾನೇ ನೋಡಬೇಕಲ್ಲ.

ಊರಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಸೈನ್ಸ್ ಟೀಚರು ಎಂದರೆ ಅವರೇ. ನಾನೂ ಇಲ್ಲಿ ಹಾಗೇ ಬಿಡುತ್ತೇನೆ.

ಅವರನ್ನು ಮೊದಲು ಕಂಡುಕೊಂಡವಳು ನಾನು. ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ. ಮದುವೆಯಾಗಿ ಈ ಕಡೆ ಬಂದ ಮೇಲೆ ಆ ಓದು ಗಾಜಿನ ಲೋಟದ ಸೆಟ್ಟಿನ ಹಾಗಾಗಿತ್ತು. ನೆಂಟರು ಬಂದಾಗ ಹೊರಗೆ ತೆಗೆದು, ತೊಳೆದು, ಮತ್ತೆ ಒಳಗಿಡುವುದು. ಒಂದು ದಿನ ಸಂತೆಯಲ್ಲಿ ತರಕಾರಿಯವನ ಮುಂದೆ ಹೊಸಬರೊಬ್ಬರು ಒಂದೇ ಒಂದು ಬದನೆಕಾಯಿ ಹಿಡಿದು ನಿಂತಿದ್ದರು. ವಾಯ್ಲ್ ಸೀರೆ, ಹೆಗಲ ಮೇಲೆ ಮಕ್ಕಳ ಲಂಗೋಟಿಗೆ ಹಾಕುವಂಥ ದೊಡ್ಡ ಪಿನ್ನು, ಕಂಕುಳಲ್ಲಿ ಗಂಡಸರ ಕೊಡೆ.

"ಒಂದು ಬದನೆಕಾಯಿಗೆ ಎಂತ ತೂಕ ಮಾರಾಯ್ರೆ, ಹಾಗೇ ತಗೊಂಡು ಹೋಗಿ" ಎಂದ ಅವನು.

"ದುಡ್ಡಿಗಲ್ಲಪ್ಪ. ಇದು ನೋಡೋಕೆ ದೊಡ್ಡದು, ಕೈಗೆ ಹಗುರ. ಎಷ್ಟಿದೆ ಅಂತ ನೋಡೋಣ, ತೂಗು."

ನಾನು ನಕ್ಕೆ. ಅವರು ತಿರುಗಿ ನೋಡಿ, "ಬಾಯಿಗೆ ಕರ್ಚೀಫ್ ಅಡ್ಡ ಇಟ್ಕೊಂಡು ನಗೋರು ಕಾನ್ವೆಂಟಲ್ಲಿ ಓದಿರ್ತಾರೆ. ಸರೀನಾ?" ಎಂದರು. ಕರ್ಚೀಫು ನನ್ನ ಬಾಯಿಯ ಮೇಲೇ ಇತ್ತು.

ಆ ಭಾನುವಾರ ನಮ್ಮ ಮನೆಗೆ ಬಂದರು. ಮುಂದಿನ ಭಾನುವಾರವೂ ಬಂದರು. ಆ ಮಳೆಗಾಲ ಪೂರ್ತಿ ಅವರು ನನ್ನ ಗೆಳತಿಯಾಗಿದ್ದರು. ಕಿತ್ತಳೆ ಸಿಪ್ಪೆಯನ್ನು ಎಲ್ಲಿಯೂ ತುಂಡಾಗದಂತೆ ಒಂದೇ ಸುತ್ತಿನಲ್ಲಿ ಸುಲಿದು, ಬಿಡಿಸಿದ ತೊಳೆಗಳನ್ನು ಮೊದಲು ನನ್ನ ತಟ್ಟೆಗೆ ಹಾಕುತ್ತಿದ್ದರು. ನನ್ನ ಮಾತು ಮುಗಿಯುವ ತನಕ ಕಾಯುತ್ತಿದ್ದರು. ಮಾತು ಮುಗಿಯುವ ತನಕ ಕಾಯುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಮೇಲೆ ದಸರಾ ರಜೆಗೆ ಮಗಳು ಬಂದಳು.

ಅವಳನ್ನು ನಾನು ಓದಿದ ಕಾನ್ವೆಂಟಿಗೇ ಹಾಕಿದ್ದೆವು, ಅಲ್ಲಿಯ ಹಾಸ್ಟೆಲ್ಲಿನಲ್ಲಿ. ಹೋಗಿ ಬರುವುದೆಲ್ಲ ಬಸ್ಸಿನಲ್ಲಿ, ಕಂಡಕ್ಟರ್ ಕೈಗೆ ಕೊಟ್ಟು. ನಮ್ಮ ಕಡೆ ಔಷಧಿ, ಜೀಪಿನ ಬಿಡಿಭಾಗ, ಮದುವೆ ಮನೆಯ ಹೂವು, ಮೊಸರಿನ ಡಬ್ಬಿ, ಎಲ್ಲ ಕಂಡಕ್ಟರ ಕೈಯಲ್ಲೇ ಓಡಾಡುತ್ತವೆ. ಇಂಥವರಿಗೆ ತಲುಪಿಸು ಎಂದರೆ ಸಾಕು, ಅವನು ಆ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಇಳಿಸಿ, ರೈಟ್ ಹೇಳಿ ಹೋಗುತ್ತಾನೆ. ಹಾಸ್ಟೆಲ್ಲಿನ ಮಕ್ಕಳೂ ಹಾಗೆಯೇ. ಅಲ್ಲಿ ಸಿಸ್ಟರ್ ಹತ್ತಿಸುತ್ತಿದ್ದರು, ಇಲ್ಲಿ ತೋಟದ ಗೇಟಿನಲ್ಲಿ ನಾನು ಇಳಿಸಿಕೊಳ್ಳುತ್ತಿದ್ದೆ. ಮೂಡಿಗೆರೆ ದಾಟಿದ ಮೇಲೆ ಬಾಳೂರಿನ ತಿರುವುಗಳಲ್ಲಿ ಅವಳಿಗೆ ಪ್ರತಿ ಸಲವೂ ವಾಂತಿ. ಗೇಟಿನಲ್ಲಿ ಇಳಿಯುವಾಗ ಮುಖ ಬಾಡಿದ ಕೆಸುವಿನ ಎಲೆಯಂತಿರುತ್ತಿತ್ತು.

ಹಾಸ್ಟೆಲ್ಲಿನಲ್ಲಿ ಅವಳು ಯಾವುದೋ ಇಂಗ್ಲಿಷ್ ಕತೆ ಓದಿ ಬಂದಿದ್ದಳು. "ಅಮ್ಮ, ಒಂದು ಮೆಷಿನ್ ಒಳಗೆ ನಿಂತ್ರೆ ಇಲ್ಲಿ ಮಾಯ ಆಗಿ ಇನ್ನೊಂದು ಊರಲ್ಲಿ ಬರ್ತಾರೆ. ನಿಜವಾಗ್ಲೂ ಹಾಗೆ ಮಾಡಕ್ಕೆ ಆಗುತ್ತಾ?"

ಮೊದಲು ಕೇಳಿದ್ದು ನನ್ನನ್ನು. ಇದನ್ನು ಒತ್ತಿ ಹೇಳುತ್ತೇನೆ, ಮೊದಲು ನನ್ನನ್ನೇ ಕೇಳಿದ್ದಳು. ನಾನು ರೊಟ್ಟಿ ತಟ್ಟುತ್ತಿದ್ದೆ. ರಜೆ ಮುಗಿಯುವುದನ್ನು ನೆನೆದು ಆಗಲೇ ಸಪ್ಪಗಾಗಿದ್ದ ಹುಡುಗಿ. ಅವಳಿಗೆ ಇನ್ನೇನು ಹೇಳಲಿ?

"ಆಗದೆ ಏನು? ಚಂದ್ರನ ಮೇಲೇ ಹೋಗಿ ಬಂದ್ರಲ್ಲ. ನೀನು ದೊಡ್ಡೋಳಾಗೋದ್ರೊಳಗೆ ಅದೂ ಬರುತ್ತೆ. ಶುಕ್ರವಾರ ಸ್ಕೂಲ್ ಬಿಟ್ಟ ತಕ್ಷಣ ಇಲ್ಲಿ ಅಡುಗೆಮನೇಲಿ ಇರ್ತೀಯ."

"ಹೇಗೆ?"

"ಅದೆಲ್ಲ ಸೈಂಟಿಸ್ಟುಗಳು ನೋಡ್ಕೊಳ್ತಾರೆ ಪುಟ್ಟಿ."

ಅವಳು ತಲೆಯಾಡಿಸಿ ರೊಟ್ಟಿ ತಿಂದಳು. ನಾನು ಅದನ್ನು ಅಲ್ಲಿಗೆ ಮರೆತೆ. ಭಾನುವಾರ ಟೀಚರು ಬಂದು ಜಗುಲಿಯಲ್ಲಿ ಕೂತಾಗ ಅದೇ ಪ್ರಶ್ನೆ ಅವರ ಮುಂದೆ ಹೋಯಿತು. ಅವರು ಟೀ ಲೋಟ ಕೆಳಗಿಟ್ಟರು.

"ಯಾಕೆ ಕೇಳ್ದೆ?"

"ಬಸ್ಸಲ್ಲಿ ವಾಂತಿ ಬರುತ್ತೆ."

ಅವರು ನಗಲಿಲ್ಲ. "ಒಳ್ಳೇ ಕಾರಣ. ನಂಗೆ ಅದು ಆಗಲ್ಲ ಅಂತ ಅನ್ಸತ್ತೆ. ಆದ್ರೆ ಆಗಲ್ಲ ಅನ್ನೋದಕ್ಕೂ ಲೆಕ್ಕ ಬೇಕು, ಸುಮ್ನೆ ಅನ್ನೋ ಹಾಗಿಲ್ಲ. ಮಾಡೋಣ್ವಾ?"

ಮಗುವಿನ ಒಂದು ಆಸೆಯನ್ನು ಇವರು ಈಗ ಮುರಿಯುತ್ತಾರೆ, ಆಮೇಲೆ ರಾತ್ರಿಯೆಲ್ಲ ಅಳುವವಳನ್ನು ಸಮಾಧಾನ ಮಾಡುವವಳು ನಾನು ಎಂದುಕೊಂಡೆ. ಅವರೋ ಆಗಲೇ ಕೈಚೀಲದಿಂದ ಸೀಮೆಸುಣ್ಣ ತೆಗೆದು ನಮ್ಮ ಜಗುಲಿಯ ಕೆಂಪು ಸಿಮೆಂಟಿನ ಮೇಲೆ ಎರಡು ಮನೆ ಬರೆದಾಗಿತ್ತು. ಅತ್ತೆ ಹಿಂದಿನ ದಿನವಷ್ಟೇ ಉಜ್ಜಿಸಿದ್ದ ನೆಲ.

"ಇದು ಕಳಸದ ಪೋಸ್ಟಾಫೀಸು, ಇದು ಚಿಕ್ಕಮಗಳೂರಿಂದು. ನಿಮ್ಮಪ್ಪ ಇಲ್ಲಿ ಒಂದು ತಂತಿ ಕೊಡ್ತಾರೆ. ಅವರು ಬರೆದ ಕಾಗದ ಅಲ್ಲಿಗೆ ಹೋಗತ್ತಾ?"

"ಇಲ್ಲ, ಕಾಗದ ಇಲ್ಲೇ ಇರುತ್ತೆ."

"ಮತ್ತೆ ಹೋಗೋದು ಏನು?"

"ಅದರಲ್ಲಿ ಬರ್ದಿದ್ದು."

"ಅಲ್ಲಿಯವನು ಅವನ ಕಾಗದದಲ್ಲಿ, ಅವನ ಶಾಯೀಲಿ ಬರ್ಕೋತಾನೆ. ಅಂದ್ರೆ ನಿನ್ನನ್ನ ತಂತೀಲಿ ಕಳ್ಸೋದಾದ್ರೆ ನೀನು ಹೋಗಲ್ಲ. ನೀನು ಹೇಗಿದೀಯ ಅನ್ನೋ ವಿವರ ಹೋಗತ್ತೆ. ಅಲ್ಲಿರೋ ಇದ್ದಿಲು, ನೀರು, ಸುಣ್ಣ, ಕಬ್ಬಿಣದಲ್ಲಿ ಇನ್ನೊಬ್ಬಳನ್ನ ಮಾಡ್ಬೇಕು."

"ಮಾಡ್ಲಿ."

"ಮಾಡ್ಲಿ. ಎಷ್ಟು ವಿವರ ಬೇಕು ಅಂತ ನೋಡೋಣ" ಎಂದು ನನ್ನ ಕಡೆ ತಿರುಗಿ, "ಒಂದು ಚಿಟಿಕೆ ಕಾಫಿಪುಡಿ ಕೊಡ್ತೀರಾ?" ಎಂದರು. ಅತ್ತೆ ಒಳಗಿನಿಂದ, "ಈಗ ಬೇಕಾಯ್ತಾ ಕಾಫಿ!" ಎಂದದ್ದು ಕೇಳಿಸಿತು. ಪುಡಿಯನ್ನು ಮಗಳ ಅಂಗೈಗೆ ಹಾಕಿ ಎಣಿಸು ಎಂದರು. ಅವಳು ಎಣಿಸತೊಡಗಿದಳು. ಎಣಿಸುತ್ತ ಉಸಿರು ಬಿಟ್ಟಾಗ ಪುಡಿ ಹಾರಿತು, ಮತ್ತೆ ಮೊದಲಿನಿಂದ ಶುರು ಮಾಡಿದಳು. "ಒಂದು ಕಣದೊಳಗೆ ಇನ್ನೆಷ್ಟು ಕಣ ಅಂತ ನೀನು ಮುಂದೆ ಓದ್ತೀಯ. ನಿನ್ನ ಕಿರುಬೆರಳಿನ ವಿವರ ಬರೆಯೋಕೇ ಈ ಭೂಮಿ ಮೇಲಿರೋ ಕಾಗದ ಸಾಲಲ್ಲ. ಆದ್ರೂ ಅದು ಬರೀ ಕಷ್ಟ ಕಣೆ. ಕಷ್ಟ ಅಂದ್ರೆ ಆಗಲ್ಲ ಅಂತಲ್ಲ. ಆಗಲ್ಲ ಅನ್ನೋದು ಬೇರೆ ಕಡೆ ಇದೆ, ಬಾ."

ಅಂಗಳದ ಅಂಚಿನಲ್ಲಿ ಮುಟ್ಟಿದರೆ ಮುನಿ ಹಬ್ಬಿತ್ತು. ಅದರ ಮುಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. "ಈ ಎಲೆ ಬಿಚ್ಚಿಕೊಂಡಾಗ ಎಷ್ಟು ಮೆತ್ತಗಿರತ್ತೆ, ಬೆರಳಿಂದ ನೋಡಿ ಹೇಳು." ಮಗಳು ಬೆರಳಿಟ್ಟಳು, ಎಲೆ ಮುದುಡಿತು. ಇನ್ನೊಂದಕ್ಕಿಟ್ಟಳು, ಅದೂ ಮುದುಡಿತು. "ನೋಡ್ದೆಯಾ? ನೀನು ತಿಳ್ಕೊಳಕ್ಕೆ ಹೋದ್ರೆ ಅದು ಮೊದಲಿನ ಹಾಗೆ ಇರಲ್ಲ. ಎಲ್ಲಕ್ಕಿಂತ ಸಣ್ಣ ಕಣಗಳೂ ಇದೇ ಥರ. ಪೂರ್ತಿ ನೋಡೋಕೆ ಬಿಡಲ್ಲ. ನೋಡಕ್ಕಾಗದ್ದನ್ನ ಬರೆಯೋದು ಹೇಗೆ? ಬರೆಯದೆ ಕಳ್ಸೋದು ಹೇಗೆ?"

ನಾನು ಕಂಬ ಹಿಡಿದು ಮಗಳ ಮುಖವನ್ನೇ ನೋಡುತ್ತಿದ್ದೆ, ಈಗ ಅಳುತ್ತಾಳೆ ಎಂದು. ಅವಳ ಕಣ್ಣು ಹೊಳೆಯುತ್ತಿತ್ತು. ನಾನು 'ಆಗುತ್ತೆ' ಎಂದಾಗ ಸುಮ್ಮನೆ ರೊಟ್ಟಿ ತಿಂದವಳು, ಇವರು 'ಆಗಲ್ಲ' ಎಂದದ್ದಕ್ಕೆ ಅರಳಿದ್ದಳು.

"ಟೀಚರ್, ಹೇಗೋ ಮಾಡಿ ಕಳಿಸಿದ್ರು ಅಂತಿಟ್ಕೊಳಿ. ಇಲ್ಲಿ ಇರೋ ನಾನು?"

"ಅದೇ ತೊಂದ್ರೆ. ಇಲ್ಲಿರೋಳನ್ನ ಇಲ್ಲದ ಹಾಗೆ ಮಾಡ್ಬೇಕು. ಇಲ್ದಿದ್ರೆ ಇಬ್ರು ಆಗ್ತೀರ."

"ಹಾಗಾದ್ರೆ ನಿಜವಾದ ನಾನು ಯಾರು?"

"ಅದು ನನ್ನ ಸಬ್ಜೆಕ್ಟಲ್ಲ. ನಿಮ್ಮಮ್ಮನ್ನ ಕೇಳು."

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಹೊಳೆದದ್ದನ್ನು ಹೇಳಿದೆ. "ನಾನು ಮದುವೆಯಾಗಿ ಬರುವಾಗ ತವರಿಂದ ಹೆಪ್ಪು ತಂದಿದ್ದೆ. ಅಲ್ಲೂ ಮೊಸರು ಇದೆ, ಇಲ್ಲೂ ಇದೆ. ಹೆಪ್ಪು ಒಂದೇ. ಆದ್ರೆ ಇಲ್ಲಿನ ಹಾಲು, ಇಲ್ಲಿನ ಚಳಿ. ಆ ರುಚಿ ಇದಕ್ಕೆ ಬರಲಿಲ್ಲ. ಯಾವುದು ನಿಜ ಅಂದ್ರೆ ಎರಡೂ ನಿಜಾನೇ. ನಂಗೆ ಮಾತ್ರ ತವರಿನದೇ ಬೇಕು ಅನ್ಸುತ್ತೆ."

"ಎಷ್ಟು ಚೆನ್ನಾಗಿ ಹೇಳಿದ್ರಿ ಕಣ್ರೀ!" ಎಂದರು ಟೀಚರು, ಮನಸಾರೆ. ಅವರ ಮೆಚ್ಚುಗೆಯಲ್ಲಿ ಕೃತಕವಾದದ್ದು ಏನೂ ಇರಲಿಲ್ಲ. ಮಗಳ ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. ಅಮ್ಮ ಹೇಳಿದ್ದು ಸರಿಯೋ ತಪ್ಪೋ ಎಂದು ಅವಳು ಟೀಚರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಆ ಗಳಿಗೆ ನನ್ನೊಳಗೆ ಸೇರಿದ ಉರಿಗೆ ಹೆಸರು ಹುಡುಕುವ ಕಷ್ಟ ನನಗೆ ಬೀಳಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವರು ಅದು ಎಲ್ಲಿ ಹತ್ತಿಕೊಳ್ಳುತ್ತದೆಂದು ಸರಿಯಾಗಿಯೇ ತಿಳಿದಿದ್ದರು.

ಆ ರಜೆಯಿಡೀ ಮಗಳು ಅವರ ಮನೆಯಲ್ಲಿ. ಅವರ ಬಾಡಿಗೆ ಮನೆ ನಮ್ಮ ಗೇಟು ದಾಟಿ ಪೇಟೆಯ ಕಡೆ ಹೋಗುವಾಗ ಹೈಸ್ಕೂಲಿನ ಪಕ್ಕ, ರಸ್ತೆಗೇ ಅಂಟಿಕೊಂಡಿತ್ತು. ಬೆಳಿಗ್ಗೆ ತಿಂಡಿಯಾದ ಕೂಡಲೆ ಓಟ. ಮನುಷ್ಯನನ್ನು ಮಂಜುಗಡ್ಡೆ ಮಾಡಿದರೆ ಕಣಗಳು ಅಲುಗಾಡದೆ ನಿಲ್ಲುತ್ತವಲ್ಲ, ಆಗ ನೋಡಬಹುದಲ್ಲ? ಕಾಲು ಮೊದಲು ಕಳಿಸಿ ಆಮೇಲೆ ತಲೆ ಕಳಿಸಿದರೆ? ನೆನಪನ್ನಷ್ಟೇ ಕಳಿಸಿದರೆ? ಒಂದೊಂದು ಉಪಾಯ ಹೊತ್ತುಕೊಂಡು ಹೋಗುವುದು, ಅವರು ಅದನ್ನು ಒಡೆಯುವುದು, ಇವಳು ಕುಣಿಯುತ್ತ ವಾಪಸ್ಸು ಬರುವುದು. ಊಟಕ್ಕೆ ಕೂತಾಗ ನಾನು ಏನು ಕೇಳಿದರೂ "ಯಾಕೆ ಕೇಳ್ದೆ ಅಮ್ಮ?" ಎನ್ನುತ್ತಿದ್ದಳು, ಥೇಟ್ ಅವರ ಹಾಗೆ. ಪಲ್ಯ ಬೇಕಾ ಎಂದರೂ ಯಾಕೆ ಕೇಳ್ದೆ.

ಭಾನುವಾರ ಟೀಚರು ಬರುತ್ತಲೇ ಇದ್ದರು. ಕಿತ್ತಳೆ ಈಗ ಮೂರು ಪಾಲಾಗುತ್ತಿತ್ತು. ನಾನು ಒಂದು ಮಾತು ಶುರು ಮಾಡಿದರೆ ನಡುವೆ ಮಗಳು ಬರುತ್ತಿದ್ದಳು, ಅವರು "ಒಂದ್ನಿಮಿಷ ಕಣ್ರೀ" ಎಂದು ಆ ಕಡೆ ತಿರುಗುತ್ತಿದ್ದರು. ಆ ನಿಮಿಷ ಮುಗಿಯುತ್ತಿರಲಿಲ್ಲ. ನನ್ನ ಗೆಳತಿಯನ್ನು ಮಗಳು ತೆಗೆದುಕೊಂಡಳೋ, ನನ್ನ ಮಗಳನ್ನು ಗೆಳತಿ ತೆಗೆದುಕೊಂಡರೋ, ಯಾರ ಮೇಲೆ ಉರಿದುಕೊಳ್ಳಬೇಕೆಂದೇ ತಿಳಿಯದೆ ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ರಜೆ ಮುಗಿದು ಹೋದ ಮೇಲೆ ಹಾಸ್ಟೆಲ್ಲಿನಿಂದ ನನಗೆ ವಾರಕ್ಕೊಂದು ಕಾರ್ಡು: ನಾನು ಚೆನ್ನಾಗಿದ್ದೇನೆ, ನೀವೆಲ್ಲ ಹೇಗಿದ್ದೀರಿ, ಕೊಬ್ಬರಿ ಎಣ್ಣೆ ಮುಗಿದಿದೆ. ಪೋಸ್ಟ್‌ಮ್ಯಾನ್ ಒಳ್ಳೆಯವನು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ. "ಅಮ್ಮಾವ್ರೆ, ನಿಮ್ಮ ಮಗಳದ್ದು ಟೀಚರಮ್ಮನಿಗೂ ಬಂದಿದೆ ನೋಡಿ. ಕವರು. ಎಂಥಾ ದಪ್ಪ ಮಾರಾಯ್ರೆ!" ಎಂದು ಬೆರಳಿನಲ್ಲಿ ಅಳತೆ ತೋರಿಸಿ ಹೋಗುತ್ತಿದ್ದ.

ಕ್ರಿಸ್‌ಮಸ್ ರಜೆ ಬಂತು. ಕಾಫಿ ಕುಯ್ಲಿನ ಕಾಲ. ಕಣದಲ್ಲಿ ಹಣ್ಣು ಹರಡಿತ್ತು, ಮನೆ ತುಂಬ ಕೆಲಸ. ಆದರೂ ಬಸ್ಸಿನ ಹೊತ್ತಿಗೆ ಕೈತೊಳೆದು, ಸೀರೆ ಬದಲಿಸಿ, ವಾಂತಿ ಆದವಳಿಗೆಂದು ನಿಂಬೆಹಣ್ಣಿನ ಪಾನಕ ಹಿಡಿದು ಗೇಟಿನಲ್ಲಿ ನಿಂತೆ. ಬಸ್ಸು ಬಂತು. ವೇಗ ಕಮ್ಮಿಯಾಗಲಿಲ್ಲ. ಫುಟ್‌ಬೋರ್ಡಿನ ಮೇಲೆ ದಸರಾದ ಹೊತ್ತಿಗೆ ಈ ರೂಟಿಗೆ ಬಂದ ಹೊಸ ಕಂಡಕ್ಟರು. ನಾನು ಕೈ ಅಡ್ಡ ಹಿಡಿದದ್ದನ್ನು ನೋಡಿ, "ಸೀಟಿಲ್ಲಮ್ಮ, ಫುಲ್ಲು" ಎಂದು ಕೂಗಿದ. ಬಸ್ಸು ದೂಳೆಬ್ಬಿಸಿ ಹೋಯಿತು.

ಹಾಸ್ಟೆಲ್ಲಿನಲ್ಲಿ ಹತ್ತಿಸಲಿಲ್ಲವೋ, ನಡುವೆ ಎಲ್ಲಾದರೂ ಇಳಿಸಿಬಿಟ್ಟರೋ. ಪಾನಕದ ಚೊಂಬು ಗೇಟಿನ ಕಂಬದ ಮೇಲಿಟ್ಟು, ತಲೆಗೆ ಸೆರಗು ಹೊದೆಯುವುದನ್ನೂ ಮರೆತು, ಬಸ್ಸಿನ ಹಿಂದೆ ಪೇಟೆಯ ಕಡೆ ನಡೆದೆ. ನಡೆದೆ ಎನ್ನುವುದಕ್ಕಿಂತ ಓಡಿದೆ. ಹೈಸ್ಕೂಲಿನ ಪಕ್ಕ ಬಂದಾಗ ಟೀಚರ ಮನೆಯ ಜಗುಲಿಯ ಮೇಲೆ ನನ್ನ ಮಗಳ ಟ್ರಂಕು ಇತ್ತು. ಒಳಗೆ ಅವಳ ದನಿ. ನಗುತ್ತಿದ್ದಳು.

ಆ ಕಂಡಕ್ಟರು ಮಾರನೆಯ ದಿನ ನಮ್ಮವರ ಹತ್ತಿರ ಕೈಮುಗಿದು ಹೇಳಿದನಂತೆ: "ತಪ್ಪಾಯ್ತು ಮಾರಾಯ್ರೆ. ಅದು ಟೀಚರಮ್ಮನ ಮನೆ ಮಗು ಅಂತ ಮಾಡಿದ್ದೆ. ದಸರಾದಲ್ಲಿ ಯಾವಾಗ ನೋಡಿದ್ರೂ ಅಲ್ಲೇ ಇತ್ತಲ್ಲ. ಅಲ್ಲೇ ಇಳಿಸ್ದೆ." ನಮ್ಮವರಿಗೆ ಅದೊಂದು ತಮಾಷೆ. ಸಿಕ್ಕವರಿಗೆಲ್ಲ ಹೇಳಿ ನಕ್ಕರು. ವಿಳಾಸ ತಪ್ಪಿದ ಪಾರ್ಸಲ್ಲು ಎಂದು ಮಗಳನ್ನು ಒಂದು ವಾರ ರೇಗಿಸಿದರು.

ನನಗೆ ನಗು ಬರದಿದ್ದದ್ದಕ್ಕೆ ಕಾರಣವಿತ್ತು. ಗೇಟು ಬಂದಾಗ ಯಾಕೆ ಕೂಗಲಿಲ್ಲ ಎಂದು ಕೇಳಿದರೆ ಮಗಳು "ನಿದ್ದೆ ಬಂದಿತ್ತಮ್ಮ" ಎಂದಿದ್ದಳು. ಅವಳು ಬಸ್ಸಿನಲ್ಲಿ ನಿದ್ದೆ ಮಾಡಿದರೆ ಕಿಟಕಿಯ ಸರಳಿನ ಗುರುತು ಕೆನ್ನೆಯ ಮೇಲೆ ಕೆಂಪಗೆ ಮೂಡಿ ಸಂಜೆಯ ತನಕ ಇರುತ್ತಿತ್ತು. ಆ ದಿನ ಕೆನ್ನೆ ಸ್ವಚ್ಛವಾಗಿತ್ತು. ಜಡೆಯ ರಿಬ್ಬನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಂಡಿದ್ದಳು. ನಾನು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಅವಳು ನಿಜ ಹೇಳಿಬಿಡುತ್ತಿದ್ದಳು.

ರಜೆ ಮುಗಿಯುತ್ತ ಬಂದಾಗ ಅವಳು ಅಪ್ಪನ ಮುಂದೆ ನಿಂತಳು. "ಈ ವರ್ಷ ಮುಗಿದ ಮೇಲೆ ನಾನು ಹಾಸ್ಟೆಲ್ಲಿಗೆ ಹೋಗಲ್ಲ. ಇಲ್ಲೇ ಹೈಸ್ಕೂಲಿಗೆ ಸೇರ್ತೀನಿ. ಕನ್ನಡದಲ್ಲೇ ಬರೀತೀನಿ."

"ಸೇರ್ಲಿ ಬಿಡೆ. ಮಗು ಮನೇಲಿರುತ್ತಲ್ಲ, ನೀನೇ ಅಳ್ತಿದ್ದೆ ಅಲ್ವಾ ದೂರ ಇದ್ದಾಳೆ ಅಂತ?" ಎಂದರು ನಮ್ಮವರು.

ಅಳುತ್ತಿದ್ದದ್ದು ನಿಜ. ಮಗಳು ಮನೆಗೆ ಬರಲಿ ಎಂದು ನಾನು ಹರಕೆ ಹೊತ್ತದ್ದೂ ನಿಜ. ನನ್ನ ಬಳಿಗೆ ಬರಲಿ ಎಂದು ಹೊತ್ತ ಹರಕೆ ಅದು. ನಮ್ಮ ಮನೆಯನ್ನು ತಂಗುದಾಣ ಮಾಡಿಕೊಂಡು ಇನ್ನೊಬ್ಬರ ಬಳಿಗೆ ಹೋಗಲಿ ಎಂದಲ್ಲ. ಇದನ್ನು ಗಂಡಸರಿಗೆ ಯಾವ ಬಾಯಲ್ಲಿ ಹೇಳುವುದು? ಕಾನ್ವೆಂಟಿನ ಇಂಗ್ಲಿಷು, ಶಿಸ್ತು, ಪಿಯಾನೋ ಎಂದು ಏನೇನೋ ಹೇಳಿದೆ. ಮಗಳು ಎಲ್ಲದಕ್ಕೂ ಲೆಕ್ಕ ಕೇಳಿದಳು.

ಒಂದು ಮಧ್ಯಾಹ್ನ, ಅವಳು ಕಣದಲ್ಲಿ ಅಜ್ಜಿಯ ಜೊತೆ ಇದ್ದಾಗ, ನಾನು ಒಬ್ಬಳೇ ಟೀಚರ ಮನೆಗೆ ಹೋದೆ. ಅವರು ಬಾಗಿಲಲ್ಲಿ ಚಪ್ಪಲಿಯ ಜೋಡಿಯನ್ನು ಗೋಡೆಗೆ ಸಮವಾಗಿ ಇಡುತ್ತಿದ್ದರು. ನನ್ನ ಮುಖ ನೋಡಿ ಬಂದ ಕಾರಣ ಕೇಳದೆ ಟೀಗೆ ನೀರಿಟ್ಟರು.

"ನೀವು ಒಂದು ಮಾತು ಹೇಳಿದ್ರೆ ಅವಳು ಹಾಸ್ಟೆಲ್ಲಿಗೆ ಹೋಗ್ತಾಳೆ" ಎಂದೆ. ಸ್ಟವ್ವಿನ ಸದ್ದಿಗೆ ದನಿ ಎತ್ತಿ ಹೇಳಬೇಕಾಯಿತು. ಜಗಳದ ಹಾಗೆ ಕೇಳಿಸಿತು.

ಅವರು ಸ್ಟವ್ ಆರಿಸಿದರು. ಟೀ ಆಗಿರಲಿಲ್ಲ. "ಹೇಳ್ತೀನಿ. ನಾಳೆನೇ ಹೇಳ್ತೀನಿ, ಹೋಗ್ತಾಳೆ. ಒಂದು ಕೇಳ್ಲಾ? ನೀವು ಹೇಳಿದ್ರೆ ಹೋಗದೋಳು ನಾನು ಹೇಳಿದ್ದಕ್ಕೆ ಹೋದ್ರೆ, ನಿಮಗೆ ಸಮಾಧಾನ ಆಗತ್ತಾ?"

ನಾನು ಅವರ ಕ್ಯಾಲೆಂಡರ್ ನೋಡುತ್ತ ಕೂತೆ. ಅದರಲ್ಲಿ ಶಾಲೆಯ ಪರೀಕ್ಷೆಗಳ ಗುರುತು, ಹಾಲಿನವನ ಗುರುತು. ಮತ್ತೇನೂ ಇರಲಿಲ್ಲ.

"ಅವಳು ನನ್ನತ್ರ ಬರೋದು ಪ್ರಶ್ನೆ ಇದ್ದಾಗ ಮಾತ್ರ ಕಣ್ರೀ" ಎಂದರು ಅವರು, ಮೆಲ್ಲಗೆ. "ದಸರಾದಲ್ಲಿ ಒಂದಿನ ಇಲ್ಲಿದ್ದಾಗಲೇ ಜ್ವರ ಬಂತು. ಮಲಕ್ಕೋ ಅಂದ್ರೆ ಒಂದು ಗಳಿಗೆ ನಿಲ್ಲಲಿಲ್ಲ, ಅಮ್ಮನ ಹತ್ರ ಹೋಗ್ಬೇಕು ಅಂತ ಎದ್ದು ಹೋದ್ಲು."

ಸಮಾಧಾನಕ್ಕೆ ಹೇಳಿದ್ದು. ನನಗೆ ಆಗ ತೋರಿದ್ದು ಇಷ್ಟೇ: ಜ್ವರ ವರ್ಷಕ್ಕೊಮ್ಮೆ, ಪ್ರಶ್ನೆ ದಿನವೂ. ಯಾರದ್ದು ದೊಡ್ಡ ಪಾಲು? ಅವರಂಥವರಿಗೆ ಈ ಸಣ್ಣ ಲೆಕ್ಕ ಯಾಕೆ ಹೊಳೆಯಲಿಲ್ಲವೋ.

"ಬೇಡ, ಹೇಳಬೇಡಿ. ಅವಳಿಷ್ಟ" ಎಂದು ಎದ್ದು ಬಂದೆ. ಅವರು ಗೇಟಿನ ತನಕ ಬಂದು, "ಭಾನುವಾರ ಬರ್ಲಾ?" ಎಂದು ಕೇಳಿದರು. ಅದುವರೆಗೆ ಒಂದು ದಿನವೂ ಕೇಳಿ ಬಂದವರಲ್ಲ. "ಬನ್ನಿ" ಎಂದೆ. ಬಂದರು. ನಾನು ಟೀ ಮಾಡಿಕೊಟ್ಟೆ, ಕೊನೆಯ ತನಕವೂ ಕೊಟ್ಟೆ. ಮರ್ಯಾದೆಯಲ್ಲಿ ಕಡಿಮೆ ಮಾಡಲಿಲ್ಲ. ನನ್ನ ಮಾತು ಮಾತ್ರ ಅಡುಗೆ, ಹವೆ, ಅತ್ತೆಯ ಮಂಡಿನೋವು ಇಷ್ಟರಲ್ಲೇ ಮುಗಿಯತೊಡಗಿತು. ಅದು ಅವರಿಗೂ ಗೊತ್ತಾಗಿರಬೇಕು. ಕಾಯುವುದನ್ನು ಬಿಡಲಿಲ್ಲ ಪಾಪ. ನಾನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತ ಕೂತಿರುತ್ತಿದ್ದರು.

ಮಗಳು ಹೈಸ್ಕೂಲು ಮುಗಿಸುವ ತನಕ ಮನೆಯಲ್ಲೇ ಇದ್ದಳು. ಮೂರು ಹೊತ್ತು ನನ್ನ ಕೈಯಡುಗೆ, ನನ್ನ ಕೈಯಿಂದ ಜಡೆ. ಜಡೆ ಹಾಕುವಾಗ ಅವಳ ತಲೆ ನನ್ನ ಕೈಯಲ್ಲಿರುತ್ತಿತ್ತು, ಅದರೊಳಗೆ ಏನು ನಡೆಯುತ್ತಿದೆ ಎನ್ನುವುದು ಹೈಸ್ಕೂಲಿನ ಪಕ್ಕದ ಮನೆಗೆ ಗೊತ್ತಿರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕು ಬಂದಾಗ ಮನೆಗೆ ಬಂದವರೆಲ್ಲ "ಟೀಚರಮ್ಮನ ಕೈಗುಣ" ಎಂದರು. ನಾನೇ ಹಂಚಿದ ಮೈಸೂರುಪಾಕು ತಿನ್ನುತ್ತ ಹಾಗೆಂದರು. ಟೀಚರು ಮಾತ್ರ, "ಹುಷಾರು ಹುಡುಗಿ, ಅಮ್ಮನ ಹಾಗೆ" ಎಂದರು. ಅವರು ಅಷ್ಟು ಒಳ್ಳೆಯವರಾಗಿಲ್ಲದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಮೇಲೆ ಅವರಿಗೆ ವರ್ಗವಾಯಿತು. ಹೋಗುವ ದಿನ ಟ್ರಂಕು, ಹಾಸಿಗೆ, ಸ್ಟವ್ವು, ಗಂಡಸರ ಕೊಡೆ, ಅಷ್ಟೇ ಸಾಮಾನು. ಬಸ್‌ಸ್ಟ್ಯಾಂಡಿಗೆ ಅರ್ಧ ಊರೇ ಬಂದಿತ್ತು. ನಾನು ದಾರಿಗೆಂದು ಚಪಾತಿ ಕಟ್ಟಿಕೊಟ್ಟೆ. ಅವರು ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟರು. ಡ್ರೈವರು ಹಾರ್ನ್ ಹೊಡೆದ.

ಮಗಳು ಈಗ ಶಿವಮೊಗ್ಗದ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. ಸುದ್ದಿ ಬಂದ ವಾರದ ಶನಿವಾರ ಮನೆಗೆ ಬಂದಳು. ಊಟವಾಗಲಿ ಎಂದು ಕಾದೆ, ಆಮೇಲೆ ಹೇಳಿದೆ. "ಹೌದಾ" ಎಂದಳು. ಎದ್ದು ಹೋಗಿ ಜಗುಲಿಯಲ್ಲಿ ಕೂತಳು. ಅಳಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು, ಇನ್ನು ಅವಳು ಯಾರೊಡನೆಯೂ ಮಾತಾಡುವುದಿಲ್ಲ, ಈ ದುಃಖದೊಳಗೂ ನನಗೆ ಜಾಗವಿಲ್ಲ ಎಂದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ, ಅವರು ಹೇಳಿದ್ದು ಒಂದೊಂದು ಮಾತೂ ನೆನಪಿದೆ ನಂಗೆ. ಮುಖ ನೆನಪಾಗ್ತಿಲ್ಲ. ಎಷ್ಟು ಪ್ರಯತ್ನಪಟ್ರೂ ಬರ್ತಿಲ್ಲ. ನಿಂಗೆ ನೆನಪಿದೆಯಾ?"

ನನಗೆ ನೆನಪಿಲ್ಲದೆ! ಒಬ್ಬರ ಮೇಲೆ ಅಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟವರಿಗೆ ಅವರ ಮುಖ ಮರೆಯುವ ಭಾಗ್ಯ ಎಲ್ಲಿರುತ್ತದೆ? ಹೇಳಿದೆ. ಬೈತಲೆ ನಡುವೆ ಬರದೆ ಒಂದು ಎಳೆ ಎಡಕ್ಕಿರುತ್ತಿತ್ತು. ಬಲಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ. ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿದ್ದರು, ಅದು ಮಾಸಿ ಕಂದಾದಾಗ ಹೊಸ ದಾರ ಸುತ್ತುತ್ತಿದ್ದರು, ಹೊಸ ಕಡ್ಡಿ ಹಾಕಿಸಲಿಲ್ಲ. ಯೋಚಿಸುವಾಗ ಕೆಳತುಟಿ ಒಳಗೆಳೆದುಕೊಳ್ಳುತ್ತಿದ್ದರು. ನಕ್ಕರೆ ಮೊದಲು ಭುಜ ಅಲುಗುತ್ತಿತ್ತು, ಸದ್ದು ಆಮೇಲೆ. ಮಗಳು ಮಣೆ ಎಳೆದುಕೊಂಡು ನನ್ನ ಎದುರು ಕೂತಳು. ಅಂಗೈ ಮೇಲೆ ಗಲ್ಲ ಊರಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ಹಾಗೆ ಯಾರನ್ನು ನೋಡುತ್ತಿದ್ದಳೆಂದು ನನಗೆ ಗೊತ್ತು. ನನ್ನನ್ನು ಹಾಗೆ ನೋಡಿದ್ದು ಇದೇ ಮೊದಲು. ಹಾಲು ಕಾಯಿಸುವುದು ಬಿಟ್ಟೆ, ದೀಪ ಹಚ್ಚುವುದು ತಡವಾಯಿತು. "ಇನ್ನೂ ಹೇಳಮ್ಮ" ಎನ್ನುತ್ತಿದ್ದಳು, ನಾನು ಹೇಳುತ್ತಿದ್ದೆ. ಸಂಜೆ ಪೂರ್ತಿ ನನ್ನ ಮಗಳು ನನ್ನವಳಾಗಿದ್ದಳು. ಸಂಜೆ ಪೂರ್ತಿ ನಾನು ಅವರ ಬಗ್ಗೆಯೇ ಮಾತಾಡಿದೆ.

ಕೊನೆಗೆ ಅವಳು ಕೇಳಿದಳು. "ನಾನು ಬರೋದಕ್ಕೆ ಮುಂಚೆ, ನಾನು ಹಾಸ್ಟೆಲ್ಲಲ್ಲಿದ್ದಾಗ, ನೀವಿಬ್ರೂ ಏನು ಮಾತಾಡ್ತಿದ್ರಿ?"

"ಅದೆಲ್ಲ ಯಾರಿಗೆ ನೆನಪಿರುತ್ತೆ ಮಾರಾಯ್ತಿ, ಹಳೇ ಕತೆ" ಎಂದು ದೀಪ ಹಚ್ಚಲು ಎದ್ದೆ.

ಒಂದೊಂದು ಭಾನುವಾರವೂ ನೆನಪಿದೆ. ಅದನ್ನು ಮಾತ್ರ ಅವಳಿಗೆ ಕೊಡುವುದಿಲ್ಲ.